ಕೆಂಪು ಧೂಳು, ಕಪ್ಪು ಮಸಿ: ಸ್ಲೋ ನಿಲ್ಲದ ಕಾರಿನ ಗಾಳಿ ದಾರಿ

ಏಪ್ರಿಲ್ ಮಧ್ಯಾಹ್ನ, ಬಳ್ಳಾರಿಯ ಸುಧಾ ಕ್ರಾಸ್ ರೈಲ್ವೆ ಗೇಟು ಬಿದ್ದಿತ್ತು. ಮುಂದೆ ಎರಡು ಟಿಪ್ಪರ್, ಹಿಂದೆ ಆಟೋಗಳ ಸಾಲು, ಗೂಡ್ಸ್ ಗಾಡಿಗೆ ಕೊನೆಯೇ ಕಾಣುತ್ತಿಲ್ಲ. ಎಸಿ ಹಾಕಿಕೊಂಡು ಕೂತಿದ್ದೆ. ಕಂಪ್ರೆಸರ್ ಟಕ್ ಎಂದು ಕಚ್ಚಿಕೊಂಡಿತು ನೋಡಿ, ಎಂಜಿನ್ ವೇಗ ತೋರಿಸುವ ಆರ್‌ಪಿಎಂ ಮುಳ್ಳು 800ರಿಂದ 400ಕ್ಕೆ ಜಾರಿತು, ಸ್ಟೀರಿಂಗ್ ನಡುಗಿತು, ಗಾಡಿ ಬಂದ್. ಸೆಲ್ಫ್ ಹೊಡೆದೆ, ಹತ್ತಿತು. ಎಸಿ ಕಚ್ಚಿತು, ಮತ್ತೆ ಬಂದ್. ಮೂರನೇ ಸಲಕ್ಕೆ ಎಸಿ ಆರಿಸಿ, ಗಾಜು ಇಳಿಸಿ, ಆಕ್ಸಿಲರೇಟರ್ ಮೇಲೆ ಕಾಲಿಟ್ಟುಕೊಂಡೇ ಗೇಟು ಏಳುವವರೆಗೆ ಬೆವರುತ್ತ ಕೂತೆ.

ನಮ್ಮೂರಲ್ಲಿ ಗಾಡಿಗೆ ಏನೇ ಆದರೂ ಮೊದಲ ಆರೋಪಿ ಧೂಳು. ಸಂಡೂರು, ತೋರಣಗಲ್ಲು, ಕುಡತಿನಿ ಕಡೆ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಳಿ ಕಾರು ಕೊಂಡವರು ಮೂರು ತಿಂಗಳಲ್ಲಿ ಇಟ್ಟಿಗೆ ಬಣ್ಣದ ಕಾರಿನ ಒಡೆಯರಾಗಿರುತ್ತಾರೆ. ಹಾಗಾಗಿ ಮೊದಲು ತೋರಿಸಿದ ಗ್ಯಾರೇಜಿನ ಹುಡುಗ "ಐಡಲ್ ವಾಲ್ವ್ ಹೋಗೈತೆ ಸಾರ್, ಮೈನ್ಸ್ ಧೂಳು ಹೊಕ್ಕೈತೆ, ಹೊಸಾದು ಹಾಕ್ಬೇಕು" ಅಂದಾಗ ನಾನೂ ತಲೆಯಾಡಿಸಿದೆ. ಕಾಲು ತೆಗೆದಾಗ ಎಂಜಿನ್ ಆರದೆ ಮೆಲ್ಲಗೆ ಓಡುವುದಕ್ಕೆ ಐಡಲ್ ಎನ್ನುತ್ತಾರೆ, ಗ್ಯಾರೇಜಿನ ಮಾತಲ್ಲಿ ಸ್ಲೋ. ಹೊಸ ವಾಲ್ವ್ ಕೂತಿತು. ಬಂದ್ ಬೀಳುವುದು ನಿಂತಿತು, ಕುಣಿತ ಶುರುವಾಯಿತು. ಸುಮ್ಮನೆ ನಿಂತ ಗಾಡಿಯಲ್ಲಿ ಆರ್‌ಪಿಎಂ ಒಂದೂವರೆ ಸಾವಿರಕ್ಕೆ ಏರುವುದು, ಸಾವಿರಕ್ಕೆ ಇಳಿಯುವುದು, ಮತ್ತೆ ಏರುವುದು. ಸಿಗ್ನಲ್‌ನಲ್ಲಿ ಪಕ್ಕದ ಬೈಕಿನವರು ರೇಸಿಗೆ ಕರೀತಿದ್ದಾನೇನೋ ಅಂತ ತಿರುಗಿ ನೋಡುವ ಹಾಗಾಯಿತು.

ಕೊನೆಗೆ ಗಾಡಿ ಕೌಲ್‌ಬಜಾರಿನ ಒಬ್ಬ ಹಳೆಯ ಮೇಸ್ತ್ರಿಯ ಮುಂದೆ ನಿಂತಿತು. ಎಲ್ಲರೂ ಚಾಚಾ ಎನ್ನುತ್ತಾರೆ, ನಾನೂ ಅಷ್ಟೇ. ಅವರು ತೋರಿಸಿಕೊಟ್ಟದ್ದು, ಆಮೇಲೆ ನಾನೇ ಬಿಚ್ಚಿ ಕೈ ಮಸಿ ಮಾಡಿಕೊಂಡು ತಿಳಿದದ್ದು, ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಪೆಟ್ರೋಲ್ ಕಾರಿನಲ್ಲಿ ನಾವು ಕಾಲಿನಿಂದ ಒತ್ತುವುದು ಪೆಟ್ರೋಲನ್ನಲ್ಲ, ಗಾಳಿಯ ಬಾಗಿಲನ್ನು. ಥ್ರಾಟಲ್ ಬಾಡಿ ಎಂಬ ಕೊಳವೆಯೊಳಗೆ ಒಂದು ದುಂಡನೆಯ ಲೋಹದ ಬಿಲ್ಲೆ ಇರುತ್ತದೆ. ಕಾಲು ಒತ್ತಿದರೆ ಅದು ತಿರುಗಿ ದಾರಿ ಬಿಡುತ್ತದೆ. ಒಳಗೆ ಬಂದ ಗಾಳಿ ಎಷ್ಟೆಂದು ಸೆನ್ಸರ್ ತಿಳಿಸುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಚಿಮ್ಮಿಸುತ್ತದೆ. ತೂಕದ ಲೆಕ್ಕದಲ್ಲಿ ಹೆಚ್ಚುಕಡಿಮೆ 14.7 ಪಾಲು ಗಾಳಿಗೆ ಒಂದು ಪಾಲು. ಕಾಲು ತೆಗೆದರೆ ಬಿಲ್ಲೆ ಮುಚ್ಚುತ್ತದೆ. ಗಾಳಿ ಪೂರ್ತಿ ನಿಂತರೆ ಎಂಜಿನ್ ಉಸಿರುಗಟ್ಟಿ ಆರಿಹೋಗಬೇಕು. ಆರದಂತೆ ಉಳಿಸುವುದು ಬಿಲ್ಲೆಯನ್ನು ಸುತ್ತಿಕೊಂಡು ಹೋಗುವ ಒಂದು ಸಣ್ಣ ಪಕ್ಕದಾರಿ.

ತುಂಗಭದ್ರಾ ಕಾಲುವೆ ಕೆಳಗೆ ಹೊಲ ಇದ್ದವರಿಗೆ ಇದು ಬೇಗ ಹೊಳೆಯುತ್ತದೆ. ಕಾಲುವೆಯ ದೊಡ್ಡ ಗೇಟು ಇಳಿಸಿದ್ದಾರೆ, ಪಕ್ಕದ ತೂಬಿನಿಂದ ಮಾತ್ರ ಹೊಲಕ್ಕೆ ಬೇಕಾದಷ್ಟು ನೀರು ಹೋಗುತ್ತಿದೆ ಅಂದುಕೊಳ್ಳಿ. ತೂಬಿನ ಆ ಸಣ್ಣ ಬಾಗಿಲೇ ಐಡಲ್ ಏರ್ ಕಂಟ್ರೋಲ್ ವಾಲ್ವ್. ಅದನ್ನು ಎತ್ತಿ ಇಳಿಸುವ ನೀರಗಂಟಿ ಎಂದರೆ ಎಂಜಿನ್ ಕಂಪ್ಯೂಟರ್. ಎಸಿ ಕಚ್ಚಿತು, ಹೆಡ್‌ಲೈಟ್ ಹೊತ್ತಿತು, ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರು: ಎಂಜಿನ್ ಮೇಲೆ ಭಾರ ಬಿತ್ತು ಎಂದು ಗೊತ್ತಾದ ಕೂಡಲೇ ನೀರಗಂಟಿ ತೂಬನ್ನು ಚೂರು ಎತ್ತುತ್ತಾನೆ. ಹಳೆಯ ಆಲ್ಟೊ, ವ್ಯಾಗನ್ ಆರ್ ಥರದ, ಪೆಡಲಿನಿಂದ ತಂತಿಯಲ್ಲಿ ಬಿಲ್ಲೆ ಎಳೆಯುವ ಕೇಬಲ್ ಥ್ರಾಟಲ್ ಕಾರುಗಳಲ್ಲಿ ಈ ವಾಲ್ವ್ ಥ್ರಾಟಲ್ ಬಾಡಿಗೇ ಎರಡು ಸ್ಕ್ರೂನಲ್ಲಿ ಕೂತಿರುತ್ತದೆ. ಹೆಬ್ಬೆರಳು ಗಾತ್ರದ ಮೋಟಾರು, ತುದಿಯಲ್ಲಿ ಶಂಕುವಿನಂಥ ಮೂಗು. ಮೂಗು ಮುಂದೆ ಹೋದರೆ ದಾರಿ ಕಿರಿದು, ಹಿಂದೆ ಸರಿದರೆ ಅಗಲ.

ಇಷ್ಟು ಅರ್ಥವಾದರೆ ಗಾಳಿ ದಾರಿಯ ರೋಗ ಎರಡೇ ಬಗೆಯದು. ನೀರಗಂಟಿ ತೂಬನ್ನು ಪೂರ್ತಿ ಎತ್ತಿದ್ದಾನೆ, ಆದರೂ ನೀರು ಬರುತ್ತಿಲ್ಲ. ಹಾಗಾದರೆ ತೂಬಿನಲ್ಲಿ ಹೂಳು ತುಂಬಿದೆ. ಪೂರ್ತಿ ಮುಚ್ಚಿದ್ದಾನೆ, ಆದರೂ ಹೊಲದಲ್ಲಿ ನೀರು ಏರುತ್ತಿದೆ. ಹಾಗಾದರೆ ಬೇರೆಲ್ಲೋ ಏರಿ ಒಡೆದಿದೆ. ಮೊದಲನೆಯದರಲ್ಲಿ ಗಾಡಿ ಬಂದ್ ಬೀಳುತ್ತದೆ, ಎರಡನೆಯದರಲ್ಲಿ ಕುಣಿಯುತ್ತದೆ. ನನ್ನ ಕಾರು ಒಂದೇ ವಾರದಲ್ಲಿ ಎರಡನ್ನೂ ಆಡಿ ತೋರಿಸಿತ್ತು.

ಕುಣಿತದ ಗುಟ್ಟು ಹೀಗೆ. ಎಲ್ಲಿಂದಲೋ ಕದ್ದು ಬಂದ ಗಾಳಿಗೆ ಎಂಜಿನ್ ವೇಗ ಏರುತ್ತದೆ. ಕಾಲು ಆಕ್ಸಿಲರೇಟರ್ ಮೇಲಿಲ್ಲ, ಆದರೂ ವೇಗ ಜಾಸ್ತಿ ಎಂದರೆ ಗಾಡಿ ಇಳಿಜಾರಿನಲ್ಲಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ನಿಲ್ಲಿಸುತ್ತದೆ. ವೇಗ ಇಳಿಯುತ್ತದೆ. ಆರಿಹೋದೀತು ಎಂದು ಮತ್ತೆ ಪೆಟ್ರೋಲ್ ಬಿಡುತ್ತದೆ. ಏರುತ್ತದೆ. ವಾಲ್ವ್ ಪಾಪ ಮುಚ್ಚಿಕೊಂಡೇ ಇರುತ್ತದೆ, ಬೈಗುಳ ಮಾತ್ರ ಅದಕ್ಕೆ. ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದೊಂದು 2024ರ ಆಗಸ್ಟಿನಲ್ಲಿ ಕೊಚ್ಚಿಹೋದದ್ದು ನೆನಪಿರಬೇಕು. ಒಂದು ಹೋದ ಮೇಲೆ ಉಳಿದ 32 ಎಷ್ಟು ಭದ್ರವಾಗಿ ಮುಚ್ಚಿದ್ದರೂ ನೀರು ನಿಲ್ಲುವುದಿಲ್ಲ.

ಚಾಚಾ ದೋಷದ ಕೋಡ್ ಓದುವ ಸ್ಕ್ಯಾನರ್ ಕಡೆ ಕೈ ಹಾಕಲಿಲ್ಲ. ಮೊದಲು ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ಪುಗಳನ್ನು ಬಿಚ್ಚಿದರು. ಫಿಲ್ಟರಿನ ಕೆಳಮುಖ ಕುಂಕುಮದ ಬಟ್ಟಲಿನ ಹಾಗಿತ್ತು. ಮೇಲ್ಮುಖ ಬಿಳಿ. ಫಿಲ್ಟರ್ ದಾಟಿದ ಮೇಲಿನ ರಬ್ಬರ್ ಪೈಪಿನೊಳಗೆ ಬೆರಳು ಸುತ್ತಿಸಿ ನನ್ನ ಮುಂದೆ ಹಿಡಿದರು. ಬೆರಳು ಸ್ವಚ್ಛ. ಆಮೇಲೆ ಥ್ರಾಟಲ್ ಬಿಲ್ಲೆಯ ಹಿಂದೆ, ಪಕ್ಕದಾರಿಯ ಬಾಯಿಯಲ್ಲಿ ಬೆರಳಾಡಿಸಿದರು. ಡಾಂಬರಿನಂಥ ಕಪ್ಪು ಜಿಡ್ಡು.

"ಕೆಂಪೈತೇನು? ಇಲ್ಲ. ಕಪ್ಪೈತೆ. ಇದು ಊರ ಧೂಳಲ್ಲ ತಮ್ಮಾ, ಎಂಜಿನ್ನೇ ಉಗುಳಿದ್ದು."

ಇಷ್ಟು ಸುಲಭದ ಪರೀಕ್ಷೆ ನನಗೆ ಯಾಕೆ ಹೊಳೆಯಲಿಲ್ಲವೋ. ಅದಿರಿನ ಧೂಳು ಕೆಂಪು. ಅದು ಒಳಗೆ ಹೋಗಿದ್ದರೆ ಫಿಲ್ಟರ್ ಆಚೆಗೂ ಕೆಂಪೇ ಕಾಣಬೇಕು. ವಾಲ್ವಿನ ಮೂಗಿಗೆ ಮೆತ್ತುವ ಕಪ್ಪು ಬರುವುದು ಒಳಗಿನಿಂದ. ಪಿಸ್ಟನ್ ಪಕ್ಕದಿಂದ ಸೋರಿ ಕೆಳಗಿಳಿದ ಹೊಗೆ, ಆಯಿಲ್ ಆವಿಯ ಜತೆ ಸೇರಿ, ಪಿಸಿವಿ ವಾಲ್ವ್ ಇರುವ ಸಣ್ಣ ಪೈಪಿನ ಮೂಲಕ ಮತ್ತೆ ಗಾಳಿಯ ದಾರಿಗೇ ಬರುತ್ತದೆ. ಹೊರಗೆ ಬಿಟ್ಟರೆ ವಾಯುಮಾಲಿನ್ಯ, ಅದಕ್ಕೇ ಈ ಏರ್ಪಾಡು. ಬಿಸಿ ಲೋಹಕ್ಕೆ ತಾಗಿದ ಆ ಆವಿ ಬಾಣಲೆಯ ತಳದ ಜಿಡ್ಡಿನಂತೆ ಪದರ ಪದರವಾಗಿ ಕೂರುತ್ತದೆ. ದಿನಕ್ಕೆ ಎರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಇದು ಬೇಗ, ಹೊಸಪೇಟೆ ರಸ್ತೆಯಲ್ಲಿ ನಿತ್ಯ ಓಡುವ ಗಾಡಿಯಲ್ಲಿ ನಿಧಾನ.

ಹಾಗಂತ ಫಿಲ್ಟರ್ ಆಚೆ ಬೆರಳಿಗೆ ಕೆಂಪು ಹತ್ತಿದರೆ ಸಮಾಧಾನಪಡಬೇಡಿ, ಅದು ಇದಕ್ಕಿಂತ ಕೆಟ್ಟ ಸುದ್ದಿ. ಡಬ್ಬಿಯ ಕ್ಲಿಪ್ ಮುರಿದಿದೆ, ಫಿಲ್ಟರಿನ ರಬ್ಬರ್ ಅಂಚು ಸರಿಯಾಗಿ ಕೂತಿಲ್ಲ, ಅಥವಾ ಪಂಕ್ಚರ್ ಅಂಗಡಿಯಲ್ಲಿ ಜೋರು ಗಾಳಿ ಹೊಡೆಸಿ ಕಾಗದ ಹರಿದಿದೆ. ಕಬ್ಬಿಣದ ಅದಿರಿನ ಪುಡಿ ಸಿಲಿಂಡರ್ ಗೋಡೆಗೆ ಉಪ್ಪುಕಾಗದದ ಕೆಲಸ ಮಾಡುತ್ತದೆ. ಐಡಲ್ ವಾಲ್ವ್ ತೊಳೆದು ಸರಿಮಾಡಬಹುದು, ಸವೆದ ಎಂಜಿನ್ ಹಾಗಲ್ಲ. ಫಿಲ್ಟರಿಗೆ ಗಾಳಿ ಹೊಡೆಯಲೇಬೇಕಾದರೆ ಸ್ವಚ್ಛ ಮುಖದಿಂದ ಕೊಳೆ ಮುಖದ ಕಡೆಗೆ, ಮೆಲ್ಲಗೆ. ನನ್ನನ್ನು ಕೇಳಿದರೆ ಹೊಸದನ್ನೇ ಹಾಕಿ. ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಮಾಮೂಲಿ ರಸ್ತೆಗೆ. ಧೂಳಿನ ರಸ್ತೆಗೆ ಅದಕ್ಕಿಂತ ಬೇಗ ಎಂದು ಅದೇ ಪುಸ್ತಕದಲ್ಲಿ ಬೇರೆ ಸಾಲು ಇರುತ್ತದೆ, ನಾವು ಓದುವುದಿಲ್ಲ.

ಹೂಳಿನ ಲೆಕ್ಕ ಮುಗಿಯಿತು. ಒಡೆದ ಏರಿಯನ್ನು ಹುಡುಕಲು ಚಾಚಾ ಎಂಜಿನ್ ಚಾಲೂ ಮಾಡಿ, ಬಟ್ಟೆ ಸುತ್ತಿದ ಇಕ್ಕಳದಿಂದ ಒಂದೊಂದೇ ರಬ್ಬರ್ ಪೈಪ್ ಅದುಮುತ್ತ ಹೋದರು. ಬ್ರೇಕ್ ಬೂಸ್ಟರ್ ಪೈಪ್ ಅದುಮಿದರು, ಆರ್‌ಪಿಎಂ ಬದಲಾಗಲಿಲ್ಲ. ಪಿಸಿವಿ ಪೈಪ್ ಅದುಮಿದರು, ಚೂರು ಇಳಿಯಿತು. ಅಲ್ಲಿ ಸ್ವಲ್ಪ ಗಾಳಿ ಓಡಾಡುವುದೇ ಸಹಜ, ಹಾಗಾಗಿ ಅಷ್ಟು ಇಳಿಯಲೇಬೇಕು. ಆಮೇಲೆ ಹೊಸ ವಾಲ್ವಿನ ಬುಡಕ್ಕೆ ಕಿವಿ ತಂದು, ನನ್ನನ್ನೂ ಬಗ್ಗಿಸಿದರು. ಕುಕ್ಕರಿನ ವಿಶಲ್ ಬರುವ ಮುಂಚಿನ ಸಣ್ಣ ಸುಯ್ ಸದ್ದು. ಗ್ಯಾರೇಜಿನ ಹುಡುಗ ವಾಲ್ವ್ ಹೊಸದು ಹಾಕಿದ್ದ, ಗಾಳಿ ಸೋರದಂತೆ ಅದರ ಬುಡದಲ್ಲಿ ಕೂರುವ ಪ್ಯಾಕಿಂಗ್ ಹಳೆಯದೇ. ಬಿಸಿಲಿಗೂ ಬಿಸಿಗೂ ಹಪ್ಪಳವಾಗಿದ್ದ ಅದು ಬಿಗಿಯುವಾಗ ಬಿರುಕುಬಿಟ್ಟಿತ್ತು. ಪಕ್ಕದಾರಿಯ ಹೂಳನ್ನೂ ತೆಗೆದಿರಲಿಲ್ಲ. ನಾಲ್ಕು ಕಾಸಿನ ಪ್ಯಾಕಿಂಗ್ ಉಳಿಸಲು ಹೋಗಿ ವಾರದ ಕುಣಿತ.

ಕೆಲವರು ಹೀಗೆ ಸೋರುವ ಜಾಗ ಹುಡುಕಲು ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಆರ್‌ಪಿಎಂ ಏರುತ್ತದೆಯೇ ನೋಡುತ್ತಾರೆ. ವಿಧಾನ ಸರಿ, ಆದರೆ ಅದು ಬೆಂಕಿ ಹತ್ತುವ ದ್ರವ. ನಲವತ್ತು ಡಿಗ್ರಿ ಬಿಸಿಲಲ್ಲಿ ಕುದಿಯುತ್ತಿರುವ ಎಂಜಿನ್ ಮೇಲೆ ನಾನು ಆ ಸಾಹಸ ಮಾಡುವುದಿಲ್ಲ. ಗಾಳಿಯ ದಾರಿಗೆ ಹೊಗೆ ತುಂಬಿಸಿ ಎಲ್ಲಿಂದ ಹೊರಬರುತ್ತದೆ ನೋಡುವ ಯಂತ್ರ ದೊಡ್ಡ ಗ್ಯಾರೇಜುಗಳಲ್ಲಿ ಇರುತ್ತದೆ, ಅದು ಒಳ್ಳೆಯದು.

ಸ್ಕ್ಯಾನರ್ ಬೇಡವೆಂದಲ್ಲ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡುವ ಬ್ಲೂಟೂತ್ ಅಡಾಪ್ಟರ್ ಈಗ ಯಾರು ಬೇಕಾದರೂ ಕೊಳ್ಳಬಹುದು. ತಪ್ಪು ಆಗುವುದು ಕೋಡ್ ಓದುವಾಗ. ಪಿ0505 ಎಂದರೆ ಐಡಲ್ ಕಂಟ್ರೋಲ್ ವ್ಯವಸ್ಥೆಯಲ್ಲಿ ದೋಷ, ಪಿ0506 ಎಂದರೆ ಇರಬೇಕಾದ್ದಕ್ಕಿಂತ ಕಡಿಮೆ ವೇಗ, ಪಿ0507 ಎಂದರೆ ಜಾಸ್ತಿ ವೇಗ. ಇವು ದೂರುಗಳು, ತೀರ್ಪುಗಳಲ್ಲ. ಪಿ0507 ಬಂದ ಕೂಡಲೇ ವಾಲ್ವ್ ಬದಲಿಸುವುದೆಂದರೆ ಜ್ವರ ಬಂತೆಂದು ಥರ್ಮಾಮೀಟರ್ ಬದಲಿಸಿದ ಹಾಗೆ.

ಕೋಡಿಗಿಂತ ಕೆಲಸಕ್ಕೆ ಬರುವುದು ಲೈವ್ ಡೇಟಾ. ಐಡಲ್ ವಾಲ್ವಿನ ಸ್ಟೆಪ್ಪುಗಳ ಸಂಖ್ಯೆ, ಅಂದರೆ ಮೂಗು ಎಷ್ಟು ಹಿಂದೆ ಸರಿದಿದೆ ಎಂಬ ಅಂಕಿ, ತೋರಿಸುವ ಗಾಡಿಯಾದರೆ ನೀರಗಂಟಿ ಏನು ಮಾಡುತ್ತಿದ್ದಾನೆ ಎಂಬುದು ಕಣ್ಣಿಗೇ ಕಾಣುತ್ತದೆ. ಸ್ಟೆಪ್ ಸೊನ್ನೆಯ ಹತ್ತಿರ, ಆದರೂ ವೇಗ ಜಾಸ್ತಿ: ಏರಿ ಒಡೆದಿದೆ. ಸ್ಟೆಪ್ ತುಂಬಾ ಮೇಲೆ, ಆದರೂ ವೇಗ ಕಡಿಮೆ: ಹೂಳು. ಇನ್ನೊಂದು, ಫ್ಯುಯೆಲ್ ಟ್ರಿಮ್: ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಬಿಡುತ್ತಿದೆ ಎಂಬ ಅಂಕಿ. ಗಾಳಿಯ ಹರಿವನ್ನೇ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ, ನಿಂತಾಗ ಟ್ರಿಮ್ ಹತ್ತಕ್ಕಿಂತ ಮೇಲೆ ಹೋಗಿ, 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಕಡೆ ಇಳಿದರೆ ಅದು ಗಾಳಿ ಸೋರಿಕೆಯ ಗುರುತು. ವೇಗದಲ್ಲಿ ಹರಿಯುವ ದೊಡ್ಡ ಗಾಳಿಯ ಮುಂದೆ ಕದ್ದು ಬಂದದ್ದು ಲೆಕ್ಕಕ್ಕಿಲ್ಲವಾಗುತ್ತದೆ. ಏರಿಸಿದರೂ ಟ್ರಿಮ್ ಇಳಿಯದಿದ್ದರೆ ಗಾಡಿಯೊಳಗಿನ ಪೆಟ್ರೋಲ್ ಪಂಪು, ಪೆಟ್ರೋಲ್ ಫಿಲ್ಟರು, ಸೆನ್ಸರು ಇವುಗಳ ಕಡೆ ತಿರುಗಿ. ನಮ್ಮ ಎಷ್ಟೋ ಸಣ್ಣ ಕಾರುಗಳು ಹರಿವಿನ ಬದಲು ಒಳಗಿನ ಒತ್ತಡ ನೋಡಿ ಗಾಳಿ ಲೆಕ್ಕ ಹಾಕುತ್ತವೆ. ಅವು ಕದ್ದ ಗಾಳಿಯನ್ನೂ ಎಣಿಸಿಬಿಡುವುದರಿಂದ ಟ್ರಿಮ್ ಸರಿಯಾಗಿಯೇ ಕಾಣುತ್ತದೆ, ವೇಗ ಮಾತ್ರ ಏರಿರುತ್ತದೆ. ಅಲ್ಲಿ ಸ್ಟೆಪ್ ಸಂಖ್ಯೆಯನ್ನೇ ನಂಬಬೇಕು.

ವಾಲ್ವ್ ನಿಜಕ್ಕೂ ಸತ್ತಿದೆಯೇ ನೋಡುವುದು ಹೇಗೆ? ಎಂಜಿನ್ ಆರಿಸಿ, ವಾಲ್ವಿನ ಮೇಲೆ ಬೆರಳಿಟ್ಟು, ಇನ್ನೊಬ್ಬರಿಂದ ಕೀ ಆನ್ ಆಫ್ ಮಾಡಿಸಿ. ಜೀವವಿರುವ ವಾಲ್ವ್ ಸಣ್ಣಗೆ ಗಿರ್ ಎನ್ನುತ್ತದೆ. ಎನ್ನದಿದ್ದರೆ ಮೊದಲು ಸಾಕೆಟ್ ನೋಡಿ. ಪಿನ್ನು ಹಸಿರುಗಟ್ಟಿರುವುದು, ಸಡಿಲವಾಗಿರುವುದು, ವೈರನ್ನು ಇಲಿ ಕಡಿದಿರುವುದು ಇವೆಲ್ಲ ಮಾಮೂಲು. ಸಿರುಗುಪ್ಪದ ಭತ್ತದ ಗದ್ದೆಗಳ ಪಕ್ಕ ಗಾಡಿ ನಿಲ್ಲಿಸುವವರಿಗೆ ಇಲಿಯ ಕಥೆ ಹೊಸದೇನಲ್ಲ. ಆಯುಧಪೂಜೆಯ ಮರುದಿನ ಗ್ಯಾರೇಜುಗಳ ಮುಂದೆ ಸ್ಲೋ ನಿಲ್ಲದ ಗಾಡಿಗಳು ಕಾಣುವುದಕ್ಕೂ ಕಾರಣ ಇದೇ. ಬಾನೆಟ್ ಎತ್ತಿಸಿ ಪ್ರೆಶರ್ ನೀರು ಹೊಡೆಸಿರುತ್ತಾರೆ, ಸಾಕೆಟ್ಟಿನಲ್ಲಿ ನೀರು ನಿಂತಿರುತ್ತದೆ.

ಸಾಕೆಟ್ ಸರಿಯಿದ್ದರೆ ಮಲ್ಟಿಮೀಟರ್. ನಾಲ್ಕು ಪಿನ್ನಿನ ಸ್ಟೆಪ್ಪರ್ ವಾಲ್ವಿನಲ್ಲಿ ಎರಡು ಕಾಯಿಲ್ ಇರುತ್ತವೆ. ಎರಡರ ಓಮ್ ಹೆಚ್ಚುಕಡಿಮೆ ಒಂದೇ ಬರಬೇಕು. ಎಷ್ಟು ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಒಂದರಿಂದ ಇನ್ನೊಂದಕ್ಕೆ ಸಂಪರ್ಕ ತೋರಿಸಬಾರದು. ಚಾಚಾ ಡಿಕ್ಕಿಯಲ್ಲಿ ಬಿದ್ದಿದ್ದ ನನ್ನ ಹಳೆಯ ವಾಲ್ವನ್ನು ತರಿಸಿ ಅಳೆದರು. ಎರಡು ಕಾಯಿಲ್, ಎರಡಕ್ಕೂ ಒಂದೇ ಅಂಕಿ. ಮೂಗಿಗೆ ಮಾತ್ರ ಕಪ್ಪು ಟೋಪಿ. ಏನೂ ಹೇಳದೆ ಮೀಟರನ್ನು ನನ್ನ ಕಡೆ ತಿರುಗಿಸಿದರು. ಸಾವಿರಗಟ್ಟಲೆ ಕೊಟ್ಟು ಹೊಸದು ಹಾಕಿಸಿದವನು ನಾನು, ಏನು ಮಾತಾಡಲಿ.

ತೊಳೆಯುವ ಕೆಲಸ ಕಷ್ಟವಲ್ಲ, ಅವಸರ ಕೂಡದು. ಎಂಜಿನ್ ತಣ್ಣಗಿರಲಿ, ಬ್ಯಾಟರಿಯ ಮೈನಸ್ ತೆಗೆಯಿರಿ. ಬಿಚ್ಚಿದ ವಾಲ್ವಿನ ಮೂಗು ಕೆಳಗೆ ಮಾಡಿ ಹಿಡಿದು ಥ್ರಾಟಲ್ ಕ್ಲೀನರ್ ಹೊಡೆದು ಮೆತ್ತನೆಯ ಬ್ರಶ್ಶಿನಿಂದ ಒರೆಸಿ. ದ್ರವ ಮೋಟಾರಿನ ಕಡೆ ಹರಿಯಬಾರದು. ಡಬ್ಬಿಯಲ್ಲಿ ಪೆಟ್ರೋಲ್ ಸುರಿದು ಇಡೀ ವಾಲ್ವನ್ನು ನೆನೆಹಾಕುವುದು ನಮ್ಮ ಕಡೆ ರೂಢಿ, ಅದು ಒಳ್ಳೆಯ ವಾಲ್ವನ್ನು ಕೊಲ್ಲುವ ದಾರಿ. ಮೂಗನ್ನು ಕೈಯಿಂದ ಎಳೆಯಬೇಡಿ, ಒಳಗಿನ ಮರೆ (ಸ್ಕ್ರೂವಿನ ಸುರುಳಿ ಗೆರೆ) ಹಾಳಾಗುತ್ತದೆ. ಬಿಚ್ಚಿದ ವಾಲ್ವಿಗೆ ಸಾಕೆಟ್ ಕೊಟ್ಟು ಕೀ ತಿರುಗಿಸಿದರೆ ಕೆಲವದರಲ್ಲಿ ಮೂಗು ಮರೆ ದಾಟಿ ಉದುರಿಬೀಳುತ್ತದೆ. ಪಕ್ಕದಾರಿಯ ಎರಡೂ ಬಾಯಿ, ಬಿಲ್ಲೆಯ ಅಂಚು ಎಲ್ಲ ಒರೆಸಿ, ಹೊಸ ಪ್ಯಾಕಿಂಗ್ ಹಾಕಿ ಜೋಡಿಸಿ. ಗಾಳಿಯ ಹರಿವಿನ ಸೆನ್ಸರಿಗೆ ಈ ಸ್ಪ್ರೇ ಹೊಡೆಯಬೇಡಿ, ಅದಕ್ಕೆ ಬೇರೆಯೇ ಕ್ಲೀನರ್ ಬರುತ್ತದೆ.

ತೊಳೆದ ದಿನ ಸ್ಲೋ ಜಾಸ್ತಿಯಾಗಿ ನಿಂತರೆ ಗಾಬರಿ ಬೇಡ. ಹೂಳು ತುಂಬಿದ್ದಾಗ ಎಷ್ಟು ಎತ್ತಬೇಕಿತ್ತೋ ಅಷ್ಟನ್ನೇ ನೀರಗಂಟಿ ರೂಢಿಮಾಡಿಕೊಂಡಿದ್ದಾನೆ. ಹೊಸ ಲೆಕ್ಕ ಕಲಿಸಬೇಕು. ಎಷ್ಟೋ ಗಾಡಿಗಳಲ್ಲಿ ಬ್ಯಾಟರಿ ಕಳಚಿ ಮತ್ತೆ ಕೊಟ್ಟು, ಎಂಜಿನ್ ಬಿಸಿಯಾಗುವವರೆಗೆ ಎಸಿ ಹಾಕದೆ, ಆಮೇಲೆ ಎಸಿ ಹಾಕಿ, ಒಂದಷ್ಟು ಹೊತ್ತು ನಿಂತಲ್ಲೇ ಎಂಜಿನ್ ಓಡಲು ಬಿಟ್ಟರೆ ಸಾಕು. ಕೆಲವಕ್ಕೆ ಸ್ಕ್ಯಾನರಿನಿಂದಲೇ ರೀಲರ್ನ್ ಮಾಡಬೇಕು.

ಹೊಸ ಕಾರುಗಳಲ್ಲಿ ಈ ಪ್ರತ್ಯೇಕ ವಾಲ್ವೇ ಇಲ್ಲ. ಎಲೆಕ್ಟ್ರಾನಿಕ್ ಥ್ರಾಟಲ್‌ನಲ್ಲಿ ಮೋಟಾರು ಬಿಲ್ಲೆಯನ್ನೇ ಕೂದಲೆಳೆಯಷ್ಟು ತೆರೆದು ಸ್ಲೋ ನಿಲ್ಲಿಸುತ್ತದೆ. ಜಿಡ್ಡು ಇಲ್ಲೂ ಕೂರುತ್ತದೆ, ಬಿಲ್ಲೆಯ ಅಂಚಿನಲ್ಲಿ. ಪಿ2111 ಎಂದರೆ ಬಿಲ್ಲೆ ತೆರೆದಲ್ಲೇ ಸಿಕ್ಕಿಕೊಂಡಿದೆ, ಪಿ2112 ಎಂದರೆ ಮುಚ್ಚಿದಲ್ಲೇ. ಆಗ ಗಾಡಿ ಪಿಕಪ್ ಕಳೆದುಕೊಂಡು ತೆವಳುತ್ತದೆ. ಇಲ್ಲಿ ಕೀ ಆನ್ ಇರುವಾಗ ಬಿಲ್ಲೆಗೆ ಬೆರಳು ಹಾಕಲೇಬೇಡಿ. ಮೋಟಾರು ಬೆರಳನ್ನು ಅಮುಕುತ್ತದೆ, ಒತ್ತಿದರೆ ಒಳಗಿನ ಪ್ಲಾಸ್ಟಿಕ್ ಗೇರು ಮುರಿಯುತ್ತದೆ. ಕೆಲವು ಬಿಲ್ಲೆಗಳ ಮೇಲೆ ಲೇಪನ ಇರುತ್ತದೆ, ಉಪ್ಪುಕಾಗದ ತಾಗಿಸಬೇಡಿ.

ಡೀಸೆಲ್ ಗಾಡಿಯ ಕಥೆ ಬೇರೆ. ಅಲ್ಲಿ ವೇಗ ನಿರ್ಧರಿಸುವುದು ಡೀಸೆಲ್ಲೇ, ಗಾಳಿಯಲ್ಲ. ತಂಟೆ ಮಾಡುವುದು ಇಜಿಆರ್ ವಾಲ್ವ್. ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಒಳಗೆ ಬಿಟ್ಟು ದಹನದ ಬಿಸಿ ತಗ್ಗಿಸಿ, ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಮಾಡುವುದು ಅದರ ಕೆಲಸ. ಹೊಗೆಯ ಮಸಿ, ಆಯಿಲ್ ಆವಿ ಸೇರಿದರೆ ಏನಾಗುತ್ತದೆ ಎಂಬುದು ಈಗಾಗಲೇ ಗೊತ್ತಾಗಿದೆ. ಇಲ್ಲಿ ಅದು ಹತ್ತು ಪಟ್ಟು ಅನ್ನಿ. ತೆರೆದಲ್ಲೇ ಕಚ್ಚಿಕೊಂಡರೆ ಕಪ್ಪು ಹೊಗೆ, ಪಿಕಪ್ ಇಲ್ಲ. ಕಟ್ಟಿಕೊಂಡರೆ ಪಿ0401, ಅಂದರೆ ಹೊಗೆ ಸಾಕಷ್ಟು ಹರಿಯುತ್ತಿಲ್ಲ ಎಂಬ ಕೋಡ್. "ಇಜಿಆರ್ ದಾರಿಗೆ ಅಡ್ಡ ಪ್ಲೇಟ್ ಹಾಕಿ ಬಂದ್ ಮಾಡಿಬಿಡೋಣ ಅಣ್ಣಾ" ಎನ್ನುವವರು ಬೇಕಾದಷ್ಟು ಸಿಗುತ್ತಾರೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಮಾಲಿನ್ಯ ನಿಯಮದ ಗಾಡಿಗಳಲ್ಲಿ ಇಜಿಆರ್ ಮೇಲೆ ಕಂಪ್ಯೂಟರ್ ಸದಾ ಕಣ್ಣಿಟ್ಟಿರುತ್ತದೆ, ಪ್ಲೇಟ್ ಹಾಕಿದರೆ ಲೈಟು ಹೊತ್ತಿಸಿ ಶಕ್ತಿ ಕಡಿತ ಮಾಡುತ್ತದೆ. ಹಳೆಯದರಲ್ಲಿ ದಕ್ಕಬಹುದು, ಆದರೆ ಆ ಹೊಗೆ ಕುಡಿಯುವವರು ನಾವೇ ತಾನೇ. ಬಿಚ್ಚಿ ತೊಳೆಸಿ.

ತೊಳೆಸುವ ಮುಂಚೆ, ಗಾಳಿಯನ್ನು ಒತ್ತಿ ತುಂಬುವ ಟರ್ಬೊದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ದಪ್ಪ ಪೈಪುಗಳ ಕೀಲುಗಳನ್ನು ಒಮ್ಮೆ ನೋಡಿ, ಯಾಕೆಂದರೆ ಅಲ್ಲಿ ಸೋರಿದರೂ ಇದೇ ಕಪ್ಪು ಹೊಗೆ, ಇದೇ ಪಿಕಪ್ ದೂರು. ಬೇರೆ ಊರಲ್ಲಿ ಈ ಸೋರಿಕೆ ಕಣ್ಣಿಗೆ ಬೀಳುವುದು ಕಷ್ಟ. ನಮ್ಮಲ್ಲಿ ಸುಲಭ. ಒತ್ತಡದ ಗಾಳಿಯ ಜತೆ ಆಯಿಲ್ ಮಂಜು ಹೊರಬರುತ್ತದೆ, ಅದಕ್ಕೆ ಅದಿರಿನ ಧೂಳು ಮೆತ್ತಿಕೊಳ್ಳುತ್ತದೆ. ಉಳಿದ ಪೈಪೆಲ್ಲ ಒಣ ಕೆಂಪು, ಸೋರುವ ಕೀಲಿನಲ್ಲಿ ಮಾತ್ರ ಕಲಸಿದ ಕುಂಕುಮದಂಥ ಹಸಿ ಕೆಂಪು. ಬೆರಳು ಇಟ್ಟರೆ ಅಂಟುತ್ತದೆ. ಅಲ್ಲಿಯ ಕ್ಲ್ಯಾಂಪ್ ಬಿಗಿದು, ಒರೆಸಿ, ವಾರ ಬಿಟ್ಟು ಮತ್ತೆ ನೋಡಿ. ಧೂಳು ಒಣಗಿಯೇ ಕೂತಿದ್ದರೆ ಇಜಿಆರ್ ಬಿಚ್ಚುವ ಖರ್ಚು ಉಳಿದರೂ ಉಳಿಯಬಹುದು.